ವಿದೇಶಿ ಪಾರ್ಸೆಲ್‌ಗೆ ಸುಂಕ ಎಷ್ಟು ಬೀಳುತ್ತದೆ? ಮೂರು ಲೆಕ್ಕಗಳ ಹೋಲಿಕೆ

ಟೆಲಿಸ್ಕೋಪಿನ ಐಪೀಸ್, ಫಿಲ್ಟರ್ ಇಂಥವನ್ನು ನಾನು ಆಗಾಗ ಹೊರದೇಶದಿಂದ ತರಿಸುತ್ತೇನೆ. ಸುಂಕ ಎಷ್ಟಾಗಬಹುದು ಅಂತ ಮೊದಲೇ ತಿಳಿಯಲು ಮೂರು ದಾರಿ ಬಳಸಿ ನೋಡಿದ್ದೇನೆ: ಉಚಿತ ಆನ್‌ಲೈನ್ ಕ್ಯಾಲ್ಕ್ಯುಲೇಟರ್, ಅಂಗಡಿಯವರು ಚೆಕೌಟ್‌ನಲ್ಲೇ ತೋರಿಸುವ ಮೊತ್ತ, ಹಾಳೆ ಮೇಲೆ ನಾನೇ ಹಾಕುವ ಲೆಕ್ಕ. ನನ್ನ ಓಟು ಹಾಳೆಗೆ.

ಕಾರಣ ಲೆಕ್ಕದಲ್ಲೇ ಇದೆ. ಸಾಮಾನಿನ ಬೆಲೆ 10,000 ರೂಪಾಯಿ, ವಿಮಾನದ ಸಾಗಣೆ 4,000, ಮೂಲ ಕಸ್ಟಮ್ಸ್ ಸುಂಕ 10%, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 18% ಅಂತ ಇಟ್ಟುಕೊಳ್ಳಿ. ತುಂಬಾ ಜನ 28% ಅಂತ ಕೂಡಿಸಿ 2,800 ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಸುಂಕ ಹಾಕುವಾಗ ಸಾಗಣೆ ಖರ್ಚೂ ಬೆಲೆಗೆ ಸೇರುತ್ತದೆ. ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್ ಇದೆ. ಇವೆಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ.

ಕ್ಯಾಲ್ಕ್ಯುಲೇಟರ್‌ಗಳು ಇಷ್ಟನ್ನು ಸರಿಯಾಗಿ ಮಾಡುತ್ತವೆ. ಆದರೆ ನಾನು ಬಳಸಿದವು ಸಾಗಣೆಯ 4,000ವನ್ನು ಪೂರ್ತಿ ಸೇರಿಸಿ 4,337 ತೋರಿಸುತ್ತಿದ್ದವು. ನಮ್ಮ ಕಸ್ಟಮ್ಸ್ ಮೌಲ್ಯದ ನಿಯಮದಲ್ಲಿ ಇದಕ್ಕೆ ಒಂದು ಮಿತಿ ಇದೆ. ವಿಮಾನದಲ್ಲಿ ಬಂದ ಸಾಮಾನಿಗೆ ಸಾಗಣೆ ಎಷ್ಟೇ ಆಗಿರಲಿ, ಬೆಲೆಯ 20%ಗಿಂತ ಜಾಸ್ತಿ ಸೇರಿಸುವಂತಿಲ್ಲ. ಅಂದರೆ ಇಲ್ಲಿ 2,000 ಮಾತ್ರ. 12,000ಕ್ಕೆ ಸುಂಕ 1,200, ಸರ್‌ಚಾರ್ಜ್ 120. ಒಟ್ಟು 13,320ರ ಮೇಲೆ ಐಜಿಎಸ್‌ಟಿ 2,397.60. ಎಲ್ಲ ಸೇರಿ 3,717.60. ಆರುನೂರು ರೂಪಾಯಿಗೂ ಮೀರಿದ ವ್ಯತ್ಯಾಸ, ಸುಮ್ನೆ ಬಿಡುವಂಥದ್ದಲ್ಲ ಅಲ್ವಾ? (ವಿಮೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಬೆಲೆಯ 1.125% ಸೇರುತ್ತದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಬಿಟ್ಟಿದ್ದೇನೆ.)

ಇನ್ನೊಂದು ತೊಡಕು ಎಚ್‌ಎಸ್ ಕೋಡ್, ಅಂದರೆ ಸಾಮಾನು ಯಾವ ವರ್ಗದ್ದು ಅಂತ ಹೇಳುವ ಸಂಖ್ಯೆ. ಕ್ಯಾಲ್ಕ್ಯುಲೇಟರ್‌ಗೆ ಐಪೀಸ್‌ನ ಕೋಡ್ ಕೊಟ್ಟರೆ ವ್ಯಾಪಾರಿ ಆಮದಿನ ದರ ಬರುತ್ತದೆ. ಸ್ವಂತ ಬಳಕೆಗೆ ತರಿಸಿದ್ದಕ್ಕೆ 9804 ಅನ್ನುವ ಬೇರೆ ಶೀರ್ಷಿಕೆಯೇ ಇದೆ, ಅದರ ದರ ಬೇರೆ ಇರಬಹುದು. ದರ ನೋಡಲು ನಾನು ಸರ್ಕಾರದ ಐಸ್‌ಗೇಟ್ ತಾಣಕ್ಕೇ ಹೋಗುತ್ತೇನೆ. ಡಾಲರ್ ಬೆಲೆಗೂ ಬ್ಯಾಂಕಿನ ದರ ಹಿಡಿಯಬಾರದು, ಕಸ್ಟಮ್ಸ್ ಪ್ರಕಟಿಸಿದ ದರವೇ ಬೇಕು.

ಚೆಕೌಟ್‌ನಲ್ಲೇ ಸುಂಕ ಕಟ್ಟುವುದು ನೆಮ್ಮದಿಯ ದಾರಿ. ಪಾರ್ಸೆಲ್ ಬಂದಾಗ ಯಾರೂ ಹಣ ಕೇಳುವುದಿಲ್ಲ. ಆದರೆ ಮೊತ್ತ ನನ್ನ ಹಾಳೆಗಿಂತ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಉಳಿದದ್ದನ್ನು ವಾಪಸ್ ಕೊಡುತ್ತಾರಾ ಅಂತ ಮೊದಲೇ ಓದಿಕೊಳ್ಳಿ. ಕೊಡುವುದಾದರೆ ದುಬಾರಿ ಸಾಮಾನಿಗೆ ನಾನೂ ಇದನ್ನೇ ಆರಿಸುತ್ತೇನೆ.

ಹಾಳೆಯ ಲೆಕ್ಕಕ್ಕೂ ಸಿಗದ ಒಂದು ಖರ್ಚಿದೆ: ಕೊರಿಯರ್‌ನವರು ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಹಾಕುವ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಚಿಕ್ಕ ಸಾಮಾನಿಗೆ ಇದು ಸುಂಕವನ್ನೇ ಮೀರಿಸಬಹುದು. ಹಾಗಾಗಿ ಅವಸರ ಇಲ್ಲದ, ಕಡಿಮೆ ಬೆಲೆಯ ವಸ್ತುವನ್ನು ಅಂಚೆಯಲ್ಲೇ ತರಿಸುತ್ತೇನೆ. ನಿಧಾನ, ನಿಜ. ಆದರೆ ಖರ್ಚು ಕಡಿಮೆ.

ಗೆಳೆಯರಿಂದ ಉಡುಗೊರೆ ಅಂತ ಕಳಿಸಿದರೆ ಸುಂಕ ಇಲ್ಲ ಅನ್ನುವ ಸಲಹೆ ಈಗಲೂ ಕೇಳಿಬರುತ್ತದೆ. 5,000 ರೂಪಾಯಿವರೆಗಿನ ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಉಳಿದಿರುವುದು ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗೆ ಮಾತ್ರ.