ಮನೆಯ ವಾಯುಮಾಪಕ: ತೂಕ ಗೊತ್ತು, ಗುಣ ಗೊತ್ತಿಲ್ಲ

ಲೇಸರ್ ಬೆಳಕಿನ ಚದುರುವಿಕೆಯಿಂದ ಗಾಳಿಯಲ್ಲಿನ ಪಿಎಂ 2.5 ಕಣಗಳ (2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕವು; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೂಕವನ್ನು ಅಂದಾಜಿಸುವ ಈ ಮನೆಬಳಕೆಯ ಮಾಪಕವು ಒಲೆಯ ಹೊಗೆ ಎದ್ದೊಡನೆ ಅಂಕಿಯನ್ನು ಏರಿಸುತ್ತದೆ. ಕಿಟಕಿ ತೆರೆಯಬೇಕೇ ಎಂದು ತೀರ್ಮಾನಿಸಲು ಅಷ್ಟು ಸಾಕು. ಆದರೆ ಸಮುದ್ರದ ಉಪ್ಪಿಗೂ, ಡೀಸೆಲ್ ಮಸಿಗೂ, ಬ್ರೇಕ್ ಸವೆತದ ತಾಮ್ರ, ಕಬ್ಬಿಣಗಳ ಕಣಗಳಿಗೂ ಅದರ ಪರದೆಯಲ್ಲಿ ಭೇದವಿಲ್ಲ. ಶ್ವಾಸಕೋಶಕ್ಕೆ ಭೇದವಿದೆ, ಏಕೆಂದರೆ ಇಂಥ ಲೋಹಗಳೂ ಮಸಿಗೆ ಅಂಟಿಕೊಂಡ ಸಾವಯವ ಸಂಯುಕ್ತಗಳೂ ಜೀವಕೋಶಗಳಲ್ಲಿ ಉತ್ಕರ್ಷಣದ ಒತ್ತಡವನ್ನು, ಅಂದರೆ ಆಮ್ಲಜನಕದ ಅತಿ ಚುರುಕಾದ ರೂಪಗಳಿಂದಾಗುವ ಹಾನಿಯನ್ನು, ಹೆಚ್ಚಿಸಿ ಉರಿಯೂತಕ್ಕೆ ದಾರಿಮಾಡುತ್ತವೆ. ಸುಮಾರು 0.3 ಮೈಕ್ರಾನಿಗಿಂತ ಚಿಕ್ಕದಾದ ಹೊಸ ಮಸಿಯಂತೂ ಈ ಸಂವೇದಕಕ್ಕೆ ಬಹುಪಾಲು ಕಾಣುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ, 24 ಗಂಟೆಗಳ ಸರಾಸರಿಗೆ ಘನ ಮೀಟರಿಗೆ 15 ಮೈಕ್ರೋಗ್ರಾಂ ಎಂಬ ಮಾರ್ಗಸೂಚಿಯೂ ತೂಕವನ್ನೇ ಆಧರಿಸಿದೆಯಾದ್ದರಿಂದ, ಕೊರತೆ ಮಾಪಕವೊಂದರದೇ ಎನ್ನಲಾಗದು. ಆದರೂ ಹೆದ್ದಾರಿಯ ಬದಿಯಲ್ಲಿ ವಾಸಿಸುವವರು ಇದರ ಕಡಿಮೆ ಅಂಕಿಯನ್ನು ನೆಚ್ಚಿ ನಿಶ್ಚಿಂತರಾಗುವುದನ್ನು ನಾನು ಒಪ್ಪಲಾರೆ.