ಅಜ್ಜನ ಬಿಗಿ ನಳಿಗೆಗೆ ಯಾವ ತೋಟಾ?

ಅಜ್ಜನ ಜೋಡುನಳಿಗೆ ಕೋವಿ ತೀರ್ಥಹಳ್ಳಿಯಿಂದ ಪುಣೆಗೆ, ನನ್ನ ಲೈಸೆನ್ಸಿಗೆ ಬಂದು ಮೂರು ವರ್ಷ ಆಯಿತು. ಬರ್ಮಿಂಗ್‌ಹ್ಯಾಮಿನ ಹನ್ನೆರಡು ಬೋರು. ನಳಿಗೆಯ ಅಡಿಯಲ್ಲಿ ‘ಚೋಕ್’ ಎಂದು ಮುದ್ರೆ ಇದೆ. ಅಜ್ಜ ಅದನ್ನು ಹಿಡಿದು ಅಡಿಕೆ ತೋಟ ಕಾಯುತ್ತಿದ್ದರು. ನಾನು ಭಾನುವಾರ ರೇಂಜಿಗೆ ಹೋಗಿ ಗಾಳಿಗೆ ಚಿಮ್ಮಿಸುವ ಗುರಿತಟ್ಟೆ ಒಡೆಯುತ್ತೇನೆ. ಒಡೆಯುತ್ತೇನೆ ಅನ್ನುವುದಕ್ಕಿಂತ ಒಡೆಯಲು ನೋಡುತ್ತೇನೆ ಅಂದರೆ ಸರಿ.

ತೊಂದರೆ ಇರುವುದು ಬಾಯಿಯಲ್ಲಿ. ಎರಡೂ ನಳಿಗೆ ಫುಲ್ ಚೋಕ್. ಅಂದರೆ ತುದಿಯಲ್ಲಿ ಒಳಗಿನ ಅಳತೆ ಸುಮಾರು ಒಂದು ಮಿಲಿಮೀಟರ್ ಕಿರಿದಾಗಿದೆ. ಇಂಥ ನಳಿಗೆ 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಕೂರಿಸುತ್ತದೆ. ಮರದ ತುದಿಗೆ ಹೊಡೆಯುವವರಿಗೆ ಒಳ್ಳೆಯದೇ. ಆದರೆ ನಮ್ಮ ತಟ್ಟೆ ಹಾರುವುದು 20 ಗಜದ ಆಸುಪಾಸಿನಲ್ಲಿ. ಅಲ್ಲಿ ಚರೆಯ ಹರಡು ಒಂದು ಮೊಳ ದಾಟುವುದಿಲ್ಲ. ತಗುಲಿದರೆ ತಟ್ಟೆ ಪುಡಿ ಪುಡಿ, ಇಲ್ಲದಿದ್ದರೆ ಹಾಗೇ ಹೋಗುತ್ತದೆ. ರೇಂಜಿನಲ್ಲಿ ಅಕ್ಕಲಕೋಟದ ಕಡೆಯವರೊಬ್ಬರಿದ್ದಾರೆ. ಮೊದಲ ದಿನವೇ ಅಂದರು: “ಸರ್, ನಿಮ್ಮ ಬಂದೂಕು ಚರಿ ಚೆಲ್ಲೂದಿಲ್ರೀ, ಗಂಟು ಕಟ್ಟಿ ಒಗೀತದ.”

ಕೋವಿ ರಿಪೇರಿಯವರು ಚೋಕ್ ಕೊರೆಸಿಬಿಡಿ ಅಂದರು. ಒಮ್ಮೆ ಕೊರೆದರೆ ಮುಗಿಯಿತು, ಮತ್ತೆ ತುಂಬಲಾಗುವುದಿಲ್ಲ. ಮನಸ್ಸು ಬರಲಿಲ್ಲ. ಅದಕ್ಕೇ ತೋಟಾ ಬದಲಿಸಿ ನೋಡಿದೆ.

ಮೊದಲು ಒಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಈ ಕೋವಿಯ ಕೋಣೆ, ಅಂದರೆ ತೋಟಾ ಕೂರುವ ಜಾಗ, 65 ಮಿ.ಮೀ. ಈಗ ಸಾಮಾನ್ಯವಾಗಿ ಸಿಗುವುದು 70ರ ತೋಟಾ. ಅದು ಒಳಗೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹಾರಿದಾಗ ತೋಟಾದ ತುದಿಯ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಜಾಗಕ್ಕೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಹಾಗಾಗಿ ನಾನು ಬಳಸಿದ್ದೆಲ್ಲ 65ರದೇ, 28 ಗ್ರಾಂ ಸೀಸದ ಚರೆ. ಉಕ್ಕಿನ ಚರೆಯನ್ನು ಈ ಬಿಗಿ ಬಾಯಿಯ ಹತ್ತಿರವೂ ತರಲಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿದ್ದ ಕಾಗದದ ತೋಟಾಗಳು ಮಲೆನಾಡಿನ ಮಳೆಗೆ ಉಬ್ಬಿ ಕೋಣೆಗೇ ಇಳಿಯಲಿಲ್ಲ. ಒಳ್ಳೆಯದೇ ಆಯಿತು.

ಅಪ್ಪಾ ಬಳವಂತ ಚೌಕದಿಂದ ದೊಡ್ಡ ಡ್ರಾಯಿಂಗ್ ಹಾಳೆ ತಂದು ರಟ್ಟಿಗೆ ಅಂಟಿಸಿದೆ. 20 ಗಜದಿಂದ ಪ್ರತಿ ಬಗೆಗೂ ಐದೈದು ಈಡು, ಪ್ರತಿ ಈಡಿಗೂ ಹೊಸ ಹಾಳೆ. ಮನೆಗೆ ತಂದು ನೆಲದ ಮೇಲೆ ಹಾಸಿದೆ. ತಟ್ಟೆಯ ಅಗಲ 11 ಸೆಂ.ಮೀ. ಅಷ್ಟೇ ಅಗಲಕ್ಕೆ ಒಂದು ರಟ್ಟಿನ ಬಿಲ್ಲೆ ಕತ್ತರಿಸಿ ಹಾಳೆಯ ಮೇಲೆ ಜಾರಿಸುತ್ತಾ ಹೋದೆ. ಬಿಲ್ಲೆಯ ಕೆಳಗೆ ಮೂರು ತೂತಾದರೂ ಸಿಗದಿದ್ದರೆ ಅಲ್ಲಿ ಪೆನ್ಸಿಲ್ ಗೀಟು. ಮಗಳಿಗೆ ಇದು ಕೇರಂ ಆಟದ ಥರ ಕಂಡಿತು. ಅರ್ಧ ಹಾಳೆ ಅವಳೇ ಮುಗಿಸಿದಳು.

ಪ್ಲಾಸ್ಟಿಕ್ ಬಟ್ಟಲಿನ ಮಾಮೂಲಿ ತೋಟಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಟ್ಟಲು ಚರೆಯನ್ನು ನಳಿಗೆಗೆ ಉಜ್ಜದಂತೆ ಕಾಯುತ್ತದೆ, ಚರೆ ದುಂಡಗೇ ಉಳಿದು ನೆಟ್ಟಗೆ ಹೋಗುತ್ತದೆ. ನನ್ನ ಹಾಳೆಯಲ್ಲಿ ಹರಡು 16 ಇಂಚು, ನಡುವೆ ಜರಡಿ.

ಫೆಲ್ಟ್ ವ್ಯಾಡಿನ, ಅಂದರೆ ಮದ್ದಿಗೂ ಚರೆಗೂ ನಡುವೆ ಫೆಲ್ಟಿನ ಬಿರಡೆ ಇಟ್ಟ ತೋಟಾ ಹಳೇ ಕಾಲದ್ದು. ಬಟ್ಟಲಿಲ್ಲ. ಅಂಚಿನ ಚರೆ ನಳಿಗೆಗೆ ಉಜ್ಜಿ ಚಪ್ಪಟೆಯಾಗುತ್ತದೆ, ಗಾಳಿ ಹಿಡಿದು ಪಕ್ಕಕ್ಕೆ ಸರಿಯುತ್ತದೆ. ಸೀಸ ಮೆತ್ತಗಿದ್ದಷ್ಟೂ ಇದು ಹೆಚ್ಚು. ಸಿಕ್ಕಿದ್ದು 20 ಇಂಚು. ನಾಲ್ಕಿಂಚಿಗೆ ಇಷ್ಟು ಒದ್ದಾಟವಾ ಅನ್ನಿಸಿತು. ಆದರೆ ಐದು ಹಾಳೆಯನ್ನೂ ಒಂದರ ಮೇಲೊಂದು ಇಟ್ಟರೆ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಗೀಟು ಬಿದ್ದಿದ್ದು ಅಂಚಿನಲ್ಲಿ ಮಾತ್ರ.

ಸ್ಪ್ರೆಡರ್ ತೋಟಾದಲ್ಲಿ ಚರೆಯ ನಡುವೆ ಕೂಡು ಗುರುತಿನ ಆಕಾರದ ತಡಿಕೆ ಇರುತ್ತದೆ. ಚರೆಯನ್ನು ನಾಲ್ಕು ಪಾಲು ಮಾಡಿ, ಚೋಕ್ ದಾಟಿದ ಮೇಲೆ ಮತ್ತೆ ಗುಂಪಾಗದಂತೆ ನೋಡಿಕೊಳ್ಳುತ್ತದೆ. 25 ಇಂಚು! ಮೊದಲ ಹಾಳೆ ನೋಡಿ ಕುಣಿದಾಡುವಷ್ಟು ಖುಷಿ. ಮೂರನೇ ಹಾಳೆಯಲ್ಲಿ ನಟ್ಟನಡುವೆ ಬಿಲ್ಲೆ ಇಟ್ಟರೆ ಕೆಳಗೆ ಒಂದೇ ತೂತು. ಸರಿಯಾಗಿ ಗುರಿ ಇಟ್ಟರೂ ತಟ್ಟೆ ನಗುತ್ತಾ ಹೋಗುತ್ತಿತ್ತು. ಐದರಲ್ಲಿ ಒಂದು ಹೀಗೆ. ಇದೇ ತೋಟಾವನ್ನು 2 ಮಿ.ಮೀ. ಚರೆಯಲ್ಲಿ ತಂದಾಗ ಆ ಕಂಡಿ ಮುಚ್ಚಿತು. ಮೊದಲಿದ್ದ 2.4ರ ಚರೆ 28 ಗ್ರಾಂಗೆ ಸುಮಾರು 350 ಬಂದರೆ, 2ರದು 600ರಷ್ಟು ಬರುತ್ತದೆ, ಅಲ್ವಾ? ಅಗಲವೇನೂ ಹೆಚ್ಚಲಿಲ್ಲ, ಒಳಗೆ ತುಂಬಿತು ಅಷ್ಟೆ.

ಚಪ್ಪಟೆ ಚರೆಯದು ಎಲ್ಲಕ್ಕಿಂತ ಅಗಲ, 28 ಇಂಚು ದಾಟಿತು. ಬಿಲ್ಲೆ ಪರೀಕ್ಷೆಯಲ್ಲಿ ಮಾತ್ರ ಹಾಳೆ ತುಂಬಾ ಗೀಟು. ಎಲ್ಲಿ ಗುಂಪು, ಎಲ್ಲಿ ಬಯಲು ಅಂತ ಮೊದಲೇ ಹೇಳುವ ಹಾಗಿಲ್ಲ. ದುಂಡಗಿಲ್ಲದ ಚರೆಯ ವೇಗವೂ ಬೇಗ ಇಳಿಯುತ್ತದೆ. 30 ಗಜದಲ್ಲಿ ತಟ್ಟೆಗೆ ತಗುಲಿ ದೂಳು ಹಾರಿತು, ತಟ್ಟೆ ಒಡೆಯಲಿಲ್ಲ. 15 ಗಜದೊಳಗೆ ಇದು ಸರಿ ಹೋಗಬಹುದು. ನನಗೆ ಬೇಡ.

ಈಗ ಬಲ ನಳಿಗೆಗೆ 2 ಮಿ.ಮೀ. ಚರೆಯ ಸ್ಪ್ರೆಡರ್, ಎಡಕ್ಕೆ ಫೆಲ್ಟ್. ಮುಂದಿನ ಕುದುರೆ ಮೊದಲು ಎಳೆದರೆ ಬಲ ನಳಿಗೆ ಹಾರುತ್ತದೆ, ತಟ್ಟೆ ಹತ್ತಿರ ಇರುವಾಗ ಅಗಲ ಸಿಗುತ್ತದೆ. ಎರಡನೇ ಈಡಿನ ಹೊತ್ತಿಗೆ ದೂರ ಹೋಗಿರುತ್ತದೆ, ಫೆಲ್ಟ್ ಸಾಕು. ಸ್ಪ್ರೆಡರ್ ತುಟ್ಟಿ, ಸಿಗುವುದೂ ಕಷ್ಟ. ಅದು ಖಾಲಿಯಾದ ವಾರ ಎರಡಕ್ಕೂ ಫೆಲ್ಟೇ ಹಾಕುತ್ತೇನೆ. ಹೋದ ಭಾನುವಾರ ಹಾಗೇ ಆಯಿತು, 25ಕ್ಕೆ 14. ಅಕ್ಕಲಕೋಟದವರು ಖಾಲಿ ತೋಟಾ ಹೆಕ್ಕುತ್ತಾ ಕೇಳಿದರು: “ಇವತ್ತ ಗಂಟು ಬಿಚ್ಚೇದ ನೋಡ್ರಿ. ಬಾಯಿ ಕೊರಸಿದ್ರೇನು?”