ಎಕ್ಸ್‌ರೇಯಲ್ಲಿ ಶ್ವಾಸಕೋಶ ಗುರುತಿಸೋಕೆ ಯಾವುದು ವಾಸಿ: ಯು-ನೆಟ್, ಎನ್‌ಎನ್‌ಯು-ನೆಟ್, ಮೆಡ್‌ಸ್ಯಾಮ್

ಮೊದಲೇ ಹೇಳಿಬಿಡುತ್ತೇನೆ, ಚಿತ್ರದಲ್ಲಿ ಬೇಕಾದ ಭಾಗವನ್ನು ಗುರುತಿಸೋ ಈ ಮೂರು ಎಐ ಮಾದರಿಗಳಲ್ಲಿ ನನಗೆ ಹಿಡಿಸಿದ್ದು ಎನ್‌ಎನ್‌ಯು-ನೆಟ್. ಆದರೆ ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು, ಸ್ವಂತ ಜಿಪಿಯು (ಇಂಥ ಮಾದರಿಗೆ ಕಲಿಸೋಕೆ ಬೇಕಾಗೋ ವೇಗದ ಚಿಪ್) ಇಲ್ಲದೆ ಕೆಲಸ ಮಾಡುವವರು ಅದರಿಂದಲೇ ಶುರು ಮಾಡಬೇಕು ಅಂತ ನಾನು ಹೇಳಲ್ಲ.

ಕೆಲಸ ಇಷ್ಟೇ. ಎದೆಯ ಎಕ್ಸ್‌ರೇ ಕೊಟ್ಟರೆ ಎರಡೂ ಶ್ವಾಸಕೋಶದ ಮಾಸ್ಕ್, ಅಂದರೆ ಶ್ವಾಸಕೋಶ ಇರುವಷ್ಟೇ ಜಾಗಕ್ಕೆ ಬಣ್ಣ ತುಂಬಿದ ಚಿತ್ರ, ಬರಬೇಕು. ತರಬೇತಿಗೆ ಅಮೆರಿಕದ ಮಾಂಟ್‌ಗೊಮರಿ ಕೌಂಟಿಯ ಸೆಟ್ ತಗೊಂಡೆ: 138 ಎಕ್ಸ್‌ರೇ, ಅದರಲ್ಲಿ 58 ಟಿಬಿ ಲಕ್ಷಣ ಇರುವವು. ಪರೀಕ್ಷೆಗೆ ಅದರಲ್ಲೇ ಎತ್ತಿಟ್ಟ ಒಂದಷ್ಟು, ಜೊತೆಗೆ ನಮ್ಮ ಮನೆಯವರದೇ ಹಳೇ ಫಿಲ್ಮ್‌ಗಳನ್ನು ಕಿಟಕಿ ಬೆಳಕಿಗೆ ಹಿಡಿದು ಮೊಬೈಲ್‌ನಲ್ಲಿ ತೆಗೆದ ಫೋಟೋಗಳು. ಡಾಕ್ಟರಿಗೆ ವಾಟ್ಸಾಪ್‌ನಲ್ಲಿ ಹೋಗೋದು ಇಂಥವೇ ಅಲ್ವಾ?

ಯು-ನೆಟ್ 2015ರದ್ದು, ಜರ್ಮನಿಯ ಫ್ರೈಬರ್ಗ್‌ನವರು ಮಾಡಿದ್ದು. ಚಿತ್ರವನ್ನು ಕುಗ್ಗಿಸುತ್ತಾ ಹೋಗಿ ಮತ್ತೆ ಹಿಗ್ಗಿಸುತ್ತದೆ, ಕುಗ್ಗಿಸುವಾಗ ಕಳೆದುಹೋಗುವ ಅಂಚಿನ ವಿವರವನ್ನು ಅಡ್ಡದಾರಿಯಲ್ಲಿ ನೇರ ಆಚೆ ಬದಿಗೆ ದಾಟಿಸುತ್ತದೆ. ಅವರು ಮೊದಲು ಬರೇ 30 ಚಿತ್ರದಲ್ಲಿ ಕಲಿಸಿ ತೋರಿಸಿದ್ದರು, ಹಾಗಾಗಿ 138 ಏನೂ ಕಮ್ಮಿಯಲ್ಲ. ಕ್ಯಾಗಲ್ ಜಾಲತಾಣದ ಪುಕ್ಕಟೆ ಜಿಪಿಯು ಸಾಕು, ಬೇಗ ಮುಗಿಯುತ್ತದೆ. ಆದರೆ ಮೊಬೈಲ್ ಫೋಟೋ ಕೊಟ್ಟರೆ ಫಿಲ್ಮ್ ಮೇಲಿನ ಕಿಟಕಿಯ ಹೊಳಪಿಗೇ ಶ್ವಾಸಕೋಶ ಅಂತ ಬಣ್ಣ ಬಳಿಯುತ್ತದೆ. ತರಬೇತಿ ಚಿತ್ರಗಳ ಬೆಳಕನ್ನು ಹೆಚ್ಚುಕಮ್ಮಿ ಮಾಡಿ, ಓರೆ ಮಾಡಿ ಕಲಿಸಿದ ಮೇಲೆ ಸುಮಾರಾಗಿ ದಾರಿಗೆ ಬಂತು.

ಎನ್‌ಎನ್‌ಯು-ನೆಟ್ ಹೈಡೆಲ್‌ಬರ್ಗ್‌ನವರದ್ದು, ಪ್ರಬಂಧ ಬಂದಿದ್ದು 2021ರಲ್ಲಿ. ಒಳಗಿರೋದು ಅದೇ ಯು-ನೆಟ್. ಡೇಟಾ ನೋಡಿ ಪ್ಯಾಚ್ (ಚಿತ್ರದಿಂದ ಕತ್ತರಿಸಿ ನೋಡುವ ತುಂಡು) ಎಷ್ಟು ದೊಡ್ಡದು, ಬ್ಯಾಚ್‌ನಲ್ಲಿ (ಒಟ್ಟಿಗೆ ಕಲಿಯುವ ಗುಂಪು) ಎಷ್ಟು ತುಂಡು ಅಂತ ತಾನೇ ಲೆಕ್ಕ ಹಾಕಿಕೊಳ್ಳೋದು ಇದರ ಹೆಚ್ಚುಗಾರಿಕೆ. ಫೈಲ್ ಹೆಸರಿನ ವಿಷಯದಲ್ಲಿ ಮಾತ್ರ ಭಾರೀ ಮಡಿ, ಪ್ರತಿ ಚಿತ್ರದ ಹೆಸರಿನ ಕೊನೆಗೆ _0000 ಇರಲೇಬೇಕು. ಸುಮ್ನೆ ಬಿಟ್ಟರೆ 1000 ಎಪಾಕ್ (ಕಲಿಕೆಯ ಸುತ್ತು), ಅದೂ ಡೇಟಾವನ್ನು ಐದು ಪಾಲು ಮಾಡಿ, ಪ್ರತಿ ಸಲ ಬೇರೆ ಪಾಲನ್ನು ಪರೀಕ್ಷೆಗೆ ಎತ್ತಿಟ್ಟು, ಐದು ಸಲ! ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಲ್ಲಿ ಇದು ಸಣ್ಣ ಮಾತಲ್ಲ. ಪುಣ್ಯಕ್ಕೆ ನಡುನಡುವೆ ಚೆಕ್‌ಪಾಯಿಂಟ್ ಉಳಿಸುತ್ತದೆ, ಅಲ್ಲಿಂದ ಮುಂದುವರಿಸಬಹುದು.

ಇಷ್ಟೆಲ್ಲಾ ಆಗಿ ಡೈಸ್ ಸ್ಕೋರ್ (ಬಂದ ಮಾಸ್ಕ್ ಸರಿಯಾದ ಮಾಸ್ಕ್ ಮೇಲೆ ಎಷ್ಟು ಕೂರುತ್ತದೆ ಅನ್ನೋ ಅಳತೆ) ನೋಡಿದರೆ ಎರಡೂ ಹತ್ತಿರ ಹತ್ತಿರ. ವ್ಯತ್ಯಾಸ ಕಾಣೋದು ಶ್ವಾಸಕೋಶದ ಕೆಳಗಡೆ, ಪಕ್ಕೆಲುಬಿಗೂ ವಪೆಗೂ (ಎದೆ-ಹೊಟ್ಟೆ ಬೇರೆ ಮಾಡುವ ಸ್ನಾಯುವಿನ ಪರದೆ) ನಡುವಿನ ಚೂಪು ಮೂಲೆಯಲ್ಲಿ. ಯು-ನೆಟ್ ಅದನ್ನು ಮೊಂಡು ಮಾಡಿಬಿಡುತ್ತಿತ್ತು, ಎನ್‌ಎನ್‌ಯು-ನೆಟ್ ತುದಿವರೆಗೆ ಹೋಯಿತು. ಮೂಲೆ ಚಿಕ್ಕದು, ತಪ್ಪಿದರೂ ಸ್ಕೋರ್ ಅಲ್ಲಾಡಲ್ಲ. ಆದರೆ ಎದೆಯಲ್ಲಿ ನೀರು ತುಂಬಿದಾಗ ಮೊದಲು ಮೊಂಡಾಗೋದು ಅದೇ ಮೂಲೆ. ಡಾಕ್ಟರು ನೋಡೋದೂ ಅಲ್ಲೇ.

ಮೆಡ್‌ಸ್ಯಾಮ್ ಬೇರೆ ಜಾತಿಯದು. ಮೆಟಾದವರ ಸ್ಯಾಮ್ ಅನ್ನೋ, ಯಾವ ಚಿತ್ರದಲ್ಲಾದರೂ ತೋರಿಸಿದ ವಸ್ತುವನ್ನು ಗುರುತಿಸೋ ಮಾದರಿಯನ್ನು 15 ಲಕ್ಷಕ್ಕೂ ಜಾಸ್ತಿ ವೈದ್ಯಕೀಯ ಚಿತ್ರ-ಮಾಸ್ಕ್ ಜೋಡಿಗಳ ಮೇಲೆ ಕಲಿಸಿದ್ದು, ನಾವು ಕಲಿಸೋದೇನೂ ಬೇಕಿಲ್ಲ. ಶ್ವಾಸಕೋಶದ ಸುತ್ತ ಚೌಕ ಎಳೆದರೆ ಮಾಸ್ಕ್ ಬರುತ್ತದೆ, ಮೊಬೈಲ್ ಫೋಟೋದಲ್ಲೂ ಚೆನ್ನಾಗಿಯೇ ಬಂತು. ಪ್ರತಿ ಚಿತ್ರಕ್ಕೂ ಯಾರಾದರೂ ಕೂತು ಚೌಕ ಎಳೆಯಬೇಕು, ಅದೇ ತಕರಾರು. ಚೌಕ ಸ್ವಲ್ಪ ಸಡಿಲವಾದರೆ ಹೊಟ್ಟೆಯೊಳಗಿನ ಗ್ಯಾಸಿನ ಕಪ್ಪನ್ನೂ ಸೇರಿಸಿಕೊಳ್ಳುತ್ತದೆ.

ಈಗ ಮೊಬೈಲ್ ಫೋಟೋಗಳಿಗೆ ಮೆಡ್‌ಸ್ಯಾಮ್‌ನಿಂದ ಕಚ್ಚಾ ಮಾಸ್ಕ್ ತೆಗೆದು, ಮೂಲೆಗಳನ್ನು ಕೈಯಲ್ಲಿ ತಿದ್ದಿ, ಮಾಂಟ್‌ಗೊಮರಿ ಸೆಟ್ಟಿಗೆ ಸೇರಿಸಿ ಎನ್‌ಎನ್‌ಯು-ನೆಟ್‌ಗೆ ಕೊಡುತ್ತಿದ್ದೇನೆ. ಐದು ಸಲ ಕಲಿಸೋ ಗೋಜಿಗೆ ಹೋಗಿಲ್ಲ, ಒಂದೇ ಸಲ ಸಾಕು.